ದೊಡ್ಡಮ್ಮನ ಗುರುತಿಗೆ ಸಿಗದ ಕೋಣೆ

ಪೇಟೆಯಿಂದ ನನ್ನ ಅಣ್ಣ ಲ್ಯಾಸೆಲ್ಸ್ ಅಳತೆ ಟೇಪು ತಂದ ದಿನವೇ ನಮ್ಮ ಮನೆಯ ನೆಮ್ಮದಿ ಮುಗಿಯಿತು. ಅವನ ಕಸುಬು ಗುಡ್ಡದ ಇಳಿಜಾರಿನಲ್ಲಿ ಗೆಣಸು ಬೆಳೆಯುವುದು. ಗೆಣಸನ್ನು ಯಾರೂ ಅಳೆದು ನೆಡುವುದಿಲ್ಲ. ಆದರೂ ಅವನು ಆ ಹಳದಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಾದರೂ ಕೇಳಲಿ ಎಂದು ರಸ್ತೆಯಲ್ಲಿ ಎರಡು ಸಲ ಹೋಗಿ ಬಂದ. ಯಾರೂ ಕೇಳಲಿಲ್ಲ. ಕೊನೆಗೆ ಅಂಗಡಿಯ ಮುಂದೆ ನಿಂತು ತಾನೇ ಹೇಳಿದ: "ಮನೇಲಿ ಸ್ವಲ್ಪ ಮರಗೆಲಸ ಇದೆ. ಏನು ಅಂತ ಮಾತ್ರ ಕೇಳ್ಬೇಡಿ."

ಕೆಲಸ ಏನೆಂದರೆ, ಅವನ ಇಬ್ಬರು ಹೆಣ್ಣುಮಕ್ಕಳಿಗೆ ಒಂದು ಕೋಣೆ ಮಾಡುವುದು. ಒಂಬತ್ತು ವರ್ಷದ ಕೆರೀಶಾ ಹಾಲಿನ ಸೋಫಾ ಮೇಲೆ ಮಲಗುತ್ತಿದ್ದಳು. ಆರು ವರ್ಷದ ಟಿಯಾನ್ ನನ್ನ ಹೊಲಿಗೆ ಮಷಿನ್ನಿನ ಕೆಳಗೆ, ಪೆಡಲಿನ ಪಕ್ಕ ಮಲಗುತ್ತಿದ್ದಳು. ಅವರಮ್ಮ ಜಸಿಂತ್ ಅತ್ತಿಗೆಗೆ ಉತ್ತರದ ಕಡಲತೀರದ ಹೋಟೆಲೊಂದರಲ್ಲಿ ರೂಮು ಚೊಕ್ಕಟ ಮಾಡುವ ಕೆಲಸ. ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಹೋದ ಸಲ ಬಂದಾಗ ಮಷಿನ್ನಿನ ಕೆಳಗಿಂದ ಟಿಯಾನಳನ್ನು ಎಳೆದು ನೋಡಿದಳು. ತಲೆಯ ತುಂಬ ದಾರದ ಚೂರುಗಳು.

"ಲ್ಯಾಸೆಲ್ಸ್, ಇದು ಮಗೂನಾ, ದಾರ ಸುತ್ತೋ ಬಾಬಿನ್ನಾ?" ಎಂದಳು. "ಪೋರ್ಟ್‌ಮೋರ್‌ನಲ್ಲಿ ನಮ್ಮಕ್ಕ ವೆರೋನಾ ಇವರಿಗೆ ಅಂತ ಕೋಣೆ ರೆಡಿ ಮಾಡಿಟ್ಟಿದ್ದಾಳೆ. ಗುಲಾಬಿ ಬಣ್ಣ, ಫ್ಯಾನು, ಎರಡು ಮಂಚ. ಮುಂದಿನ ಸಲ ನಾನು ಬರೋ ಭಾನುವಾರ ಇಲ್ಲೊಂದು ಕೋಣೆ ಇರ್ಬೇಕು. ಇಲ್ಲಾಂದ್ರೆ ಇಬ್ಬರ ಬಟ್ಟೇನೂ ಕಟ್ಟಿಡು. ಅಲ್ಲೇ ಓದ್ಲಿ, ಅಲ್ಲೇ ಬೆಳೀಲಿ."

ಆ ಸಂಜೆ ಅಣ್ಣ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿದ್ದ ಮೀನು ಹಾಗೇ ಉಳಿಯಿತು. ಟಿಯಾನ್ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಅತ್ತೆ, ಪೋರ್ಟ್‌ಮೋರ್‌ವರೆಗೂ ನಿನ್ನ ಮಷಿನ್ ಸದ್ದು ಕೇಳ್ಸುತ್ತಾ?"

ಮನೆಯಲ್ಲಿ ಇದ್ದದ್ದು ಒಂದೇ ಒಂದು ಹೆಚ್ಚಿನ ಕೋಣೆ. ಒಂಬತ್ತು ಅಡಿಗೆ ಎಂಟು. ಅದರಲ್ಲಿ ಎಂಬತ್ತೊಂದು ವರ್ಷದ ನಮ್ಮ ಎರ್ಲಿನ್ ದೊಡ್ಡಮ್ಮ ಇದ್ದರು. ಅವರನ್ನು ಎಬ್ಬಿಸುವುದು ಹೇಗೆ ಎಂದು ಅಣ್ಣ ಎರಡು ದಿನ ತಲೆ ಕೆರೆದುಕೊಂಡ. ಮೂರನೆಯ ದಿನ ದೊಡ್ಡಮ್ಮ ತಾವೇ ಹೇಳಿದರು.

"ಈ ಕೋಣೆ ಕಿಟಕೀಲಿ ಪಕ್ಕದ್ಮನೆ ಪರ್ಲೈನ್ ಕೋಳಿಗೂಡು ಬಿಟ್ರೆ ಏನು ಕಾಣುತ್ತೋ? ನನ್ನ ಮಂಚಾನ ಹಾಲ್‌ಗೆ ಹಾಕು. ರಸ್ತೇಲಿ ಯಾರು ಯಾರ ಜೊತೆ ಹೋಗ್ತಾರೆ ಅಂತನಾದ್ರೂ ನೋಡ್ತೀನಿ. ಕಣ್ಣಿನ ಆಪರೇಷನ್ನಿಗೆ ನಾನು ಪೇಟೇಲಿರ್ತೀನಲ್ಲ, ಆಗ ಮಾಡ್ಕೋ. ನನ್ನ ಸಾಮಾನು ನನ್ನೆದುರಿಗೇ ಎಳೆದಾಡಿದ್ರೆ ನಾನು ಸುಮ್ನಿರೋಳಲ್ಲ. ವಾಪಸ್ ಬಂದಾಗ ಅಲ್ಲಿ ನನ್ನ ಗುರುತೇ ಇರ್ಬಾರ್ದು, ತಿಳೀತಾ?"

ಹೀಗೆ ಹೇಳಿ ಒಂದು ಬುಧವಾರ ಅವರು ಮ್ಯಾಂಡೆವಿಲ್ ಪೇಟೆಗೆ ಹೊರಟರು. ಆಪರೇಷನ್ ಮುಗಿಸಿ, ಕಣ್ಣಿನ ಕಟ್ಟು ಬಿಚ್ಚುವವರೆಗೆ ಅಲ್ಲೇ ಚರ್ಚಿನ ಗೆಳತಿಯೊಬ್ಬರ ಮನೆಯಲ್ಲಿ ಇರುವುದೆಂದು ತೀರ್ಮಾನವಾಗಿತ್ತು.

ಅಣ್ಣನಿಗೆ ಹನ್ನೊಂದು ದಿನ ಸಮಯವಿತ್ತು. ಎಂಟು ದಿನ ಅವನು ಅಳತೆ ತೆಗೆದ. ಗೋಡೆ ಅಳೆದ, ಬಾಗಿಲು ಅಳೆದ, ನಿದ್ದೆ ಮಾಡುತ್ತಿದ್ದ ಮಕ್ಕಳನ್ನು ಅಳೆದ. ಪ್ರತಿ ಅಳತೆಯನ್ನೂ ಸೀಸದಕಡ್ಡಿಯಿಂದ ಗೋಡೆಯ ಮೇಲೆಯೇ ಬರೆದ. ನಡುನಡುವೆ ಅಂಗಳದಲ್ಲಿ ಹಲಗೆ ಕೊಯ್ದು, ಒಂದರ ಮೇಲೊಂದು ಇಬ್ಬರು ಮಲಗುವ ಅಟ್ಟಣಿಗೆ ಮಂಚ ಮಾಡಿದ. ಮಂಚದ ಕೆಳಗೆ ತಳ್ಳಿಡಲು ಉದ್ದನೆಯ ಎರಡು ಮುಚ್ಚಳದ ಪೆಟ್ಟಿಗೆಗಳನ್ನೂ ಮಾಡಿದ. ಒಬ್ಬೊಬ್ಬರಿಗೆ ಒಂದೊಂದು. ಬಟ್ಟೆ, ಪುಸ್ತಕ, ಬೊಂಬೆ ಎಲ್ಲ ಅದರಲ್ಲೇ. ಪರದೆ ಹೊಲಿಯುವ ಕೆಲಸ ನನ್ನದು. ನಾನು ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಆದರೂ ಆ ಮಂಚ ಬಾಗಿಲಿಗಿಂತ ಅಗಲ ಎಂಬುದು ನನಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಹೇಳಲಿಲ್ಲ. ಅವನ ಕೈಯಲ್ಲಿ ಟೇಪು ಇತ್ತು.

ಒಂಬತ್ತನೆಯ ದಿನ, ಶುಕ್ರವಾರ ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ, ಅಣ್ಣ ದೊಡ್ಡಮ್ಮನ ಕೋಣೆಗೆ ಕೈ ಹಾಕಿದ. ಮೊದಲು ಹಾಸಿಗೆಯನ್ನು ಹೊರಗೆ ತಂದು ಕಲ್ಲಿನ ಬೇಲಿಗೋಡೆಯ ಮೇಲೆ ಹರಡಿ ಪೊರಕೆಯಿಂದ ಬಡಿದ. ಆಮೇಲೆ ದೊಡ್ಡಮ್ಮನ ಮಂಚವನ್ನು ಗೋಡೆಯಿಂದ ಬಿಡಿಸಿ, ತಲೆಯ ಕಡೆ ಕಾಲು ಬರುವಂತೆ ತಿರುಗಿಸಿದ. ಕನ್ನಡಿಗೆ ಸುಣ್ಣ ಸಿಡಿಯದಿರಲಿ ಎಂದು ಬಿಳಿ ದುಪ್ಪಟಿ ಸುತ್ತಿದ. ಕಿಟಕಿ ಪೂರ್ತಿ ತೆರೆದ.

ನಮ್ಮ ಕಡೆ ಒಬ್ಬರು ತೀರಿಕೊಂಡರೆ ಒಂಬತ್ತು ದಿನ ಆತ್ಮ ಮನೆಯ ಸುತ್ತ ಇರುತ್ತದೆ. ಒಂಬತ್ತನೆಯ ದಿನ ಅದಕ್ಕೆ ಊಟ ಹಾಕಿ, ಹಾಡು ಹಾಡಿ ಕಳಿಸಿಕೊಡಬೇಕು. ಅದು ಮತ್ತೆ ಬಂದು ತನ್ನ ಜಾಗದಲ್ಲಿ ಮಲಗದಂತೆ ಹಾಸಿಗೆ ಹೊರಗೆ ಹಾಕಿ, ಮಂಚ ತಿರುಗಿಸಿ, ಕನ್ನಡಿ ಮುಚ್ಚಿ, ಕೋಣೆಯ ಗುರುತೇ ಸಿಗದ ಹಾಗೆ ಮಾಡಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಅಣ್ಣನಿಗೂ ಗೊತ್ತು. ಆದರೆ ಅವನ ತಲೆಯ ತುಂಬ ಅಂಗುಲಗಳಿದ್ದವು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಪಕ್ಕದ ಮನೆಯ ಮಿಸ್ ಪರ್ಲೈನ್ ಕೋಳಿಗೆ ಕಾಳು ಹಾಕಲು ಬಂದವರು ಹಾಸಿಗೆ ನೋಡಿದರು. ಮಂಚ ನೋಡಿದರು. ಕನ್ನಡಿ ನೋಡಿದರು. ಬೆರಳು ಮಡಿಸಿ ದಿನ ಎಣಿಸಿದರು. ಕಾಳಿನ ಡಬ್ಬಿ ಅವರ ಕೈಯಿಂದ ಬಿತ್ತು.

"ಲ್ಯಾಸೆಲ್ಸ್! ಎರ್ಲಿನ್ ಕೋಣೆ ಬದಲಾಯಿಸ್ತಿದ್ದೀಯಾ?"

"ಹೂಂ, ಮಿಸ್ ಪರ್ಲೈನ್."

"ಇವತ್ತಿಗೆ ಒಂಬತ್ತು ದಿನ! ನಮಗೆ ಯಾರಿಗೂ ಒಂದು ಮಾತು ಹೇಳ್ಲಿಲ್ವಲ್ಲೋ!"

ಅಣ್ಣ ಬೇಲಿಯ ಹತ್ತಿರ ಹೋಗಿ ದನಿ ತಗ್ಗಿಸಿದ. ಮಿಸ್ ಪರ್ಲೈನ್ ನಮ್ಮ ಮನೆಯ ಸುದ್ದಿಯನ್ನೆಲ್ಲ ಫೋನಿನಲ್ಲಿ ಜಸಿಂತ್‌ಗೆ ಮುಟ್ಟಿಸುತ್ತಾರೆಂದು ಅವನಿಗೆ ಗೊತ್ತಿತ್ತು. "ಬೇಕಂತಲೇ ಹೇಳ್ಲಿಲ್ಲ. ಯಾರಿಗೂ ಗೊತ್ತಾಗ್ಬಾರ್ದು ಅಂತ. ನೀವೂ ಜಸಿಂತ್‌ಗೆ ಹೇಳ್ಬೇಡಿ, ಕೈ ಮುಗೀತೀನಿ. ಭಾನುವಾರ ಬಂದು ತಾನೇ ಕಣ್ಣಾರೆ ನೋಡ್ಲಿ."

"ಭಾನುವಾರ ಬಂದು ನೋಡಿದ್ರೆ ಅವಳ ಎದೆ ಒಡೆಯಲ್ವೇನೋ?"

"ಸ್ವಲ್ಪ ಅಳ್ತಾಳೆ. ಅತ್ರೂ ಚೆಂದ."

ಮಿಸ್ ಪರ್ಲೈನ್ ಎದೆಯ ಮೇಲೆ ಕೈಯಿಟ್ಟುಕೊಂಡರು. "ಎರ್ಲಿನ್ ಏನಾದ್ರೂ ಹೇಳಿದ್ಲಾ, ಕೊನೇಗೆ?"

"ಹೇಳಿದ್ರು. ಈ ಕೋಣೇಲಿ ನನ್ನ ಗುರುತೇ ಇರ್ಬಾರ್ದು ಅಂದ್ರು."

ಮಿಸ್ ಪರ್ಲೈನ್ ಸೀದಾ ಮನೆಯೊಳಗೆ ಹೋದರು. ಜಸಿಂತ್‌ಗೆ ಹೇಳಬೇಡಿ ಎಂದು ಕೈ ಮುಗಿದು ಕೇಳಿದ್ದರಿಂದ, ಮೊದಲು ಜಸಿಂತ್‌ಗೇ ಫೋನ್ ಮಾಡಿದರು. ಆಮೇಲೆ ಪಾಸ್ಟರಿಗೆ. ಆಮೇಲೆ ಉಳಿದ ಊರಿಗೆ.

ಅಣ್ಣ ಶಿಳ್ಳೆ ಹಾಕುತ್ತ ಸುಣ್ಣ ಕಲಸಲು ಬಾಗಿದ. ಜೇಬಿನಿಂದ ಅವನ ಫೋನು ಜಾರಿ ಬಕೆಟ್ಟಿನ ತಳ ಸೇರಿತು. ಅದಾದ ಮೇಲೆ ಹದಿನೇಳು ಜನ ಅವನಿಗೆ ಫೋನ್ ಮಾಡಿದರಂತೆ. "ಸ್ವಿಚ್ ಆಫ್ ಮಾಡ್ಕೊಂಡು ಕೂತಿದ್ದಾನೆ. ಒಂಬತ್ತು ದಿನ ಮುಚ್ಚಿಟ್ಟೋನಿಗೆ ಮುಖ ತೋರಿಸೋಕೆ ಆಗ್ಬೇಕಲ್ಲ" ಎಂದು ಊರು ಅರ್ಥ ಮಾಡಿಕೊಂಡಿತು.

ಮೊದಲು ಬಂದವರು ಮಾಸ್ ಕ್ಲೀವ್‌ಲೆಂಡ್; ಹಿರಿಯರನ್ನು ನಾವು ಮಾಸ್ ಎಂದೇ ಕರೆಯುವುದು. ನಮ್ಮ ಗುಡ್ಡದಲ್ಲಿ ನಲವತ್ತು ವರ್ಷಗಳಿಂದ ಶವದ ಪೆಟ್ಟಿಗೆ ಮಾಡುತ್ತಿರುವವರು ಅವರೊಬ್ಬರೇ. ಟೋಪಿ ಕೈಯಲ್ಲಿ ಹಿಡಿದು ಮುಖ ಇಳಿಸಿಕೊಂಡೇ ಬಂದರು. ಅಂಗಳದಲ್ಲಿದ್ದ ಎರಡು ಉದ್ದನೆಯ ಪೆಟ್ಟಿಗೆ ಕಂಡದ್ದೇ ಟೋಪಿ ಮತ್ತೆ ತಲೆಯೇರಿತು.

"ಏನಪ್ಪಾ ಇದು?"

"ನಾನೇ ಮಾಡಿದ್ದು, ಮಾಸ್ ಕ್ಲೀವ್‌ಲೆಂಡ್!" ಎಂದ ಅಣ್ಣ. ಕೊನೆಗೂ ಒಬ್ಬರು ಕೇಳಿದರಲ್ಲ ಎಂಬ ಸಂತೋಷ ಅವನಿಗೆ.

"ನಿಮ್ಮಪ್ಪಂಗೆ ಮಾಡಿದ್ದು ಯಾರು? ನಾನು. ನಿಮ್ಮಜ್ಜಂಗೆ? ನಾನು. ಈಗ ನೀನು ದೊಡ್ಡ ಬಡಗಿ ಆಗ್ಬಿಟ್ಟೆ. ಇರ್ಲಿ, ಈ ಮುಚ್ಚಳಕ್ಕೆ ಯಾಕೋ ಕೀಲು ಹಾಕಿದ್ದೀಯ?"

"ದಿನಾ ತೆಗೆದು ಮುಚ್ಚೋಕೆ ಬೇಕಲ್ಲ."

"ದಿನಾ ತೆಗೆಯೋದು? ಯಾರು?"

"ಅವರವರೇ. ಬೆಳಿಗ್ಗೆ ಎದ್ದ ತಕ್ಷಣ."

ಮಾಸ್ ಕ್ಲೀವ್‌ಲೆಂಡ್ ಒಂದು ಹೆಜ್ಜೆ ಹಿಂದೆ ಸರಿದರು. "ಎರಡು ಯಾಕೆ, ಲ್ಯಾಸೆಲ್ಸ್?"

"ಒಂದು ಕೆರೀಶಾಗೆ, ಒಂದು ಟಿಯಾನ್‌ಗೆ. ಹೇಗೂ ಬೆಳೆಯೋ ಮಕ್ಕಳು, ಅಂತ ಸ್ವಲ್ಪ ಉದ್ದಾನೇ ಇಟ್ಟೆ."

ಎಪ್ಪತ್ತು ದಾಟಿದ ಮಾಸ್ ಕ್ಲೀವ್‌ಲೆಂಡ್ ಅಷ್ಟು ಜೋರಾಗಿ ಇಳಿಜಾರಿನಲ್ಲಿ ಓಡಿದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ನಾನು ಪರದೆ ಕೆಳಗಿಟ್ಟು ಅವರ ಹಿಂದೆ ಹೋದೆ. ನಡೆದದ್ದೆಲ್ಲ ಕಿಟಕಿಯಿಂದ ಕಂಡಿದ್ದೆ, ದೊಡ್ಡಮ್ಮ ಸತ್ತಿಲ್ಲವೆಂದು ಹೇಳಿಬಿಡಬೇಕಿತ್ತು. ಗೇಟಿನ ಹತ್ತಿರ ಮಿಸ್ ಪರ್ಲೈನ್ ಮೀನಿನ ಪಾತ್ರೆ ಹೊತ್ತು ಬರುತ್ತಿದ್ದರು.

"ಮಿಸ್ ಪರ್ಲೈನ್, ದೊಡ್ಡಮ್ಮ..." ಎಂದೆ.

"ಗೊತ್ತು ಕಂದ, ಮಾತಾಡ್ಬೇಡ, ಅಳು ಬರುತ್ತೆ" ಎಂದು ಅವರು ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಮಿಸ್ ಪರ್ಲೈನ್ ದೊಡ್ಡ ಹೆಂಗಸು. ಅಲ್ಲಿಂದ ಮಾತು ಹೊರಗೆ ಬರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಹುರಿದ ಮೀನು, ಗಟ್ಟಿ ಬ್ರೆಡ್ಡು, ಸುಟ್ಟ ದೀವಿಹಲಸು, ಕಾಫಿ, ಬಿಳಿ ರಮ್ಮಿನ ಮೂರು ಸೀಸೆ. ಯಾರೋ ಒಂದು ಮೇಕೆಯನ್ನೂ ತಂದರು. ಅದು ನನ್ನ ಒಂದು ಪರದೆಯ ಮೂಲೆ ತಿಂದಿತು. ಮಾವಿನ ಮರದ ಕೆಳಗೆ ಡಾಮಿನೋ ಆಡುವವರು ಮೇಜು ಹಾಕಿ, ಬಿಲ್ಲೆಗಳನ್ನು ಕುಟ್ಟಿ ಕುಟ್ಟಿ ಇಟ್ಟು ತಮ್ಮ ದುಃಖ ತೋಡಿಕೊಂಡರು.

ಅಣ್ಣ ಮೊದಲು ಇವರೆಲ್ಲ ತನ್ನ ಮರಗೆಲಸ ನೋಡಲು ಬಂದಿದ್ದಾರೆಂದೇ ತಿಳಿದ. ಒಬ್ಬೊಬ್ಬರನ್ನೂ ಮಂಚದ ಸುತ್ತ ಕರೆದುಕೊಂಡು ಹೋಗಿ, ಮೊಳೆ ಎಣಿಸಿ ತೋರಿಸಿದ. ಜನ ಅವನ ಬೆನ್ನು ಸವರಿ, "ಧೈರ್ಯ ತಗೋ" ಎಂದರು. ಅಂಥ ಮಂಚ ನೋಡಿ ಧೈರ್ಯ ಯಾಕೆ ತೆಗೆದುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಪಾಸ್ಟರ್ ಬ್ರಾಮ್‌ವೆಲ್ ಬಂದು ಅವನ ಎರಡೂ ಕೈ ಹಿಡಿದಾಗ ಮಾತ್ರ ವಿಷಯ ಬಯಲಾಯಿತು.

"ಬ್ರದರ್ ಲ್ಯಾಸೆಲ್ಸ್, ಸಿಸ್ಟರ್ ಎರ್ಲಿನ್‌ಳನ್ನ ಎಲ್ಲಿ ಇಟ್ಟಿದ್ದೀಯಪ್ಪಾ?"

"ಪೇಟೇಲಿ, ಪಾಸ್ಟರ್. ಆಪರೇಷನ್ ಆಯ್ತಲ್ಲ."

"ಮಣ್ಣು ಯಾವತ್ತು?"

"ಯಾವ ಮಣ್ಣು?" ಅಣ್ಣ ಸುತ್ತ ನೋಡಿದ. ಮೀನು ನೋಡಿದ, ಮೇಕೆ ನೋಡಿದ, ಬೇಲಿಯ ಮೇಲಿನ ಹಾಸಿಗೆ ನೋಡಿದ. ಅವನ ಬಾಯಿ ನಿಧಾನವಾಗಿ ತೆರೆಯಿತು. "ಅಯ್ಯಯ್ಯೋ! ಇಲ್ಲ! ದೊಡ್ಡಮ್ಮ ಬದುಕಿದ್ದಾರೆ!"

"ಹೌದಪ್ಪಾ. ನಮ್ಮೆಲ್ಲರ ಹೃದಯದಲ್ಲಿ."

"ಹೃದಯದಲ್ಲಲ್ಲ, ಮ್ಯಾಂಡೆವಿಲ್‌ನಲ್ಲಿ!"

"ಅಲ್ಲೂ ಇರ್ತಾರೆ. ಎಲ್ಲಾ ಕಡೇನೂ ಇರ್ತಾರೆ."

"ಫೋನ್ ಮಾಡಿ ಕೇಳಿ! ನಂಬರು... ನಂಬರು ಫೋನಲ್ಲಿದೆ. ಫೋನು ಸುಣ್ಣದಲ್ಲಿದೆ." ಅವನು ಬಕೆಟ್ಟಿಗೆ ಕೈ ಹಾಕಿ, ಮೊಣಕೈವರೆಗೆ ಬೆಳ್ಳಗಾದ ಕೈಯಲ್ಲಿ ಒಂದು ಬಿಳಿ ಗಡ್ಡೆಯನ್ನು ಎತ್ತಿ ಕಿವಿಗೆ ಹಿಡಿದ. "ಹಲೋ?"

ಪಾಸ್ಟರ್ ಮಿಸ್ ಪರ್ಲೈನ್ ಕಡೆ ತಿರುಗಿ ತಲೆಯಾಡಿಸಿದರು. ಮಾಸ್ ಕ್ಲೀವ್‌ಲೆಂಡ್ ಗುಂಪಿನ ಹಿಂದಿನಿಂದ, "ನಾನು ಹೇಳ್ಲಿಲ್ವಾ? ಮಕ್ಕಳಿಗೂ ಪೆಟ್ಟಿಗೆ ಮಾಡಿಟ್ಟಿದ್ದಾನೆ" ಎಂದರು. ಅಲ್ಲಿಗೆ ನಿರ್ಧಾರವಾಯಿತು. ಲ್ಯಾಸೆಲ್ಸ್‌ಗೆ ದುಃಖ ತಲೆಗೇರಿದೆ. ಇಬ್ಬರು ಗಂಡಸರು ಅವನನ್ನು ಮಾವಿನ ಮರದ ಕೆಳಗೆ ಕೂರಿಸಿ, ಅಕ್ಕಪಕ್ಕ ತಾವೂ ಕುಳಿತು, ಕೈಗೆ ಸೂಪಿನ ಬಟ್ಟಲು ಕೊಟ್ಟರು. ಅವನು "ಬದುಕಿದ್ದಾರೆ" ಎಂದಾಗಲೆಲ್ಲ ಒಂದು ಚಮಚ ಬಾಯಿಗಿಟ್ಟರು.

ಈಗ ಉಳಿದದ್ದು ಕೋಣೆ. ಮಿಸ್ ಪರ್ಲೈನ್ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟರು.

"ಇದೇನು, ಬರೀ ಮಂಚ ತಿರುಗಿಸಿದ್ದಾನೆ? ಎರ್ಲಿನ್ ಇಷ್ಟಕ್ಕೆಲ್ಲ ಮೋಸ ಹೋಗೋಳಾ? ಚರ್ಚಲ್ಲಿ ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡ್ತಾನೇ ಯಾರ ಸ್ಕರ್ಟು ಗಿಡ್ಡ ಅಂತ ಹೇಳ್ತಿದ್ಲು."

"ಹೌದೌದು," ಎಂದರು ಮಾಸ್ ಕ್ಲೀವ್‌ಲೆಂಡ್. "ಅವಳ ಆತ್ಮಕ್ಕೆ ಪೂರ್ತಿ ಬೇರೆ ಮನೆ ಅನ್ನಿಸ್ಬೇಕು. ಇಲ್ದಿದ್ರೆ ವಾಪಸ್ ಬಂದು ಇಡೀ ಊರನ್ನ ತಿದ್ದೋಕೆ ಶುರು ಮಾಡ್ತಾಳೆ."

ಈ ಮಾತಿಗೆ ಎಲ್ಲರ ಮುಖದಲ್ಲೂ ನಿಜವಾದ ಭಯ ಕಂಡಿತು. ಕತ್ತಲಾಗುವ ಮೊದಲು ಮುಗಿಯಬೇಕು ಎಂದರು ಪಾಸ್ಟರ್.

ಅಷ್ಟರಲ್ಲಿ ಮಕ್ಕಳು ಶಾಲೆಯಿಂದ ಬಂದರು. ಕೆರೀಶಾ ಜನರ ಕಾಲುಗಳ ನಡುವೆ ನುಗ್ಗಿ ನನ್ನ ಮಷಿನ್ ಹತ್ತಿರ ಬಂದಳು. "ಅತ್ತೆ, ಅಜ್ಜಿ ನಿಜವಾಗ್ಲೂ..."

ನಾನು ಇಲ್ಲವೆಂದು ತಲೆಯಾಡಿಸಿ, ಎಲ್ಲವನ್ನೂ ಅವಳ ಕಿವಿಯಲ್ಲಿ ಹೇಳಿದೆ. ಅವಳು ಕೇಳಿದಳು. ಆಮೇಲೆ ತಿರುಗಿ ಆ ಜನರನ್ನು ನೋಡಿದಳು, ಅವರ ಕೈಯಲ್ಲಿದ್ದ ಸುತ್ತಿಗೆ ನೋಡಿದಳು, ಖಾಲಿ ಗೋಡೆ ನೋಡಿದಳು.

"ಅತ್ತೆ," ಎಂದಳು, "ನೀನು ಸ್ವಲ್ಪ ಹೊತ್ತು ಯಾರಿಗೂ ಹೇಳ್ಬೇಡ."

ಬೆಳಿಗ್ಗೆಯಿಂದ ಮಾತಾಡಲು ನೋಡಿ ಆಗದೆ ಹೋದವಳಿಗೆ, ಸುಮ್ಮನಿರು ಎಂದರೆ ಕಷ್ಟವೇನು? ಹೊಲಿಯುತ್ತ ಕುಳಿತೆ.

ಕೆರೀಶಾ ಕೋಣೆಯ ನಡುವೆ ಹೋಗಿ ನಿಂತು, ಕಣ್ಣೊರೆಸಿಕೊಂಡು ಹೇಳಿದಳು: "ಅಜ್ಜಿಗೆ ಹಳದಿ ಬಣ್ಣ ಕಂಡ್ರೇ ಆಗ್ತಿರ್ಲಿಲ್ಲ."

"ಹಳದಿ!" ಎಂದು ಮಿಸ್ ಪರ್ಲೈನ್ ಕೂಗಿದರು. ಶಾಲೆಯ ಬೇಲಿಗೆ ಹೊಡೆದು ಉಳಿದ ಹಳದಿ ಯಾರದೋ ಮನೆಯಿಂದ ಬಂತು. ಅದು ಒಂದು ಗೋಡೆಗೆ ಮುಗಿಯಿತು. ಇನ್ನೊಂದಕ್ಕೆ ಮಿಸ್ ಪರ್ಲೈನ್ ತಮ್ಮ ಬಾಗಿಲಿಗೆಂದು ಇಟ್ಟುಕೊಂಡಿದ್ದ ಹಸಿರು. ಮೂರನೆಯದಕ್ಕೆ ಚರ್ಚಿನ ಬೆಂಚಿನ ನೀಲಿ. ನಾಲ್ಕನೆಯದಕ್ಕೆ ಅಣ್ಣನ ಸುಣ್ಣ, ಫೋನು ಬಿದ್ದದ್ದು.

"ಇಲ್ಲೊಂದು ಪುಸ್ತಕದ ಹಲಗೆ ಇದ್ರೆ ಅಜ್ಜಿಗೆ ಗುರುತೇ ಸಿಗಲ್ಲ," ಎಂದಳು ಕೆರೀಶಾ. "ನನ್ನ ಎತ್ತರಕ್ಕೆ. ಮತ್ತೆ ಟಿಯಾನ್‌ಗೆ ಬೇರೆ, ಕೆಳಗೆ. ಅವಳದು ನನ್ನದಕ್ಕೆ ಮುಟ್ಟಬಾರ್ದು. ಎರಡು ಹಲಗೆ ಮುಟ್ಟಿದ್ರೆ ಅಜ್ಜಿ ಬಂದ್ಬಿಡ್ತಾರೆ."

ಮಾಸ್ ಕ್ಲೀವ್‌ಲೆಂಡ್ ಹಲಗೆ ಹೊಡೆದರು, ಒಂದಕ್ಕೊಂದು ಮುಟ್ಟದ ಹಾಗೆ.

"ಮತ್ತೆ ನಕ್ಷತ್ರ," ಎಂದಳು ಟಿಯಾನ್. "ಮೇಲೆ. ಅಜ್ಜಿಗೆ ನಕ್ಷತ್ರ ಅಂದ್ರೆ ಭಯ."

"ಎರ್ಲಿನ್‌ಗೆ ನಕ್ಷತ್ರ ಅಂದ್ರೆ ಭಯನಾ?"

"ತುಂಬಾ."

ಪಾಸ್ಟರ್ ಕೋಟು ಕಳಚಿ ಕುರ್ಚಿ ಹತ್ತಿ, ಚಾವಣಿಗೆ ನಕ್ಷತ್ರ ಬಿಡಿಸಿದರು. ಅವರಿಗೆ ಬಿಡಿಸಲು ಬರುತ್ತಿರಲಿಲ್ಲ, ಎಲ್ಲವೂ ಏಡಿಯ ಹಾಗೆ ಕಂಡವು. ಟಿಯಾನ್ ಅವು ಇನ್ನೂ ಹೆಚ್ಚು ಭಯ ಹುಟ್ಟಿಸುತ್ತವೆ ಎಂದು ಮೆಚ್ಚಿದಳು. ದೊಡ್ಡಮ್ಮನ ಹಳೆಯ ಮಂಚ ಹಾಲಿಗೆ ಹೋಯಿತು. ಅಟ್ಟಣಿಗೆ ಮಂಚವನ್ನು ಒಳಗೆ ತರಲು ಹೋದಾಗ, ನನಗೆ ಗೊತ್ತಿದ್ದಂತೆ, ಬಾಗಿಲು ಒಪ್ಪಲಿಲ್ಲ. ಡಾಮಿನೋದವರು ಆಟ ಬಿಟ್ಟು ಬಂದು, ಕಿಟಕಿಯ ಚೌಕಟ್ಟನ್ನೇ ಕಿತ್ತು, ಮಂಚವನ್ನು ಒಳಗೆ ತೂರಿಸಿ, ಚೌಕಟ್ಟನ್ನು ಮತ್ತೆ ಕೂರಿಸಿದರು. "ಕಿಟಕೀನೂ ಒಂದು ಇಂಚು ಸರೀತು, ಒಳ್ಳೇದೇ ಆಯ್ತು, ಆತ್ಮಕ್ಕೆ ದಾರಿ ತಪ್ಪುತ್ತೆ" ಎಂದರು ಮಾಸ್ ಕ್ಲೀವ್‌ಲೆಂಡ್. ಪೆಟ್ಟಿಗೆಗಳನ್ನು ಮಂಚದ ಕೆಳಗೆ ತಳ್ಳಿ, ಕೆರೀಶಾ ಅದರಲ್ಲಿ ತನ್ನ ಶಾಲೆಯ ಬೂಟು ಇಟ್ಟು ಮುಚ್ಚಳ ಮುಚ್ಚಿದಳು. ಮಾಸ್ ಕ್ಲೀವ್‌ಲೆಂಡ್ ಆ ಬೂಟನ್ನೇ ಬಹಳ ಹೊತ್ತು ನೋಡುತ್ತ ನಿಂತರು. ಅವರ ಮುಖದಲ್ಲಿ ಏನೋ ಹೊಳೆಯಲು ಶುರುವಾಗಿತ್ತು. ಆದರೆ ಅಷ್ಟರಲ್ಲಿ ಸಂಜೆಯ ಟ್ಯಾಕ್ಸಿ ಬಂತು.

ಎಲ್ಲರೂ ಹಿಂದಿನ ಅಂಗಳದಲ್ಲಿ ಹಾಡಲು ಸೇರಿದ್ದರು. ಮುಂಬಾಗಿಲಲ್ಲಿ ಯಾರೂ ಇರಲಿಲ್ಲ. ದೊಡ್ಡಮ್ಮ ಕಣ್ಣಿನ ಕಟ್ಟು ಬಿಚ್ಚಿಸಿ, ಕಪ್ಪು ಕನ್ನಡಕ ಹಾಕಿಕೊಂಡು, ಟ್ಯಾಕ್ಸಿಯವನು ಐದು ಜನರನ್ನು ತುಂಬಿದ್ದಕ್ಕೆ ಬೈಯುತ್ತ ಇಳಿದರು. ಮೂವತ್ತು ವರ್ಷದ ಅಭ್ಯಾಸದಂತೆ ಸೀದಾ ತಮ್ಮ ಕೋಣೆಗೆ ನಡೆದರು. ಹಳದಿ ಕಂಡರು, ಹಸಿರು ಕಂಡರು, ತಲೆಯ ಮೇಲೆ ಏಡಿಗಳನ್ನು ಕಂಡರು. ಹೊರಗೆ ಬಂದು ಹಿಂಬಾಗಿಲಲ್ಲಿ ನಿಂತು ಹಾಡುತ್ತಿದ್ದವರನ್ನು ಕೇಳಿದರು:

"ಇದು ಯಾರ ಮನೆ?"

ಹಾಡು ನಿಂತಿತು. ಆಮೇಲೆ ಮಾಸ್ ಕ್ಲೀವ್‌ಲೆಂಡ್ ಕೈ ಮೇಲೆತ್ತಿ ಕೂಗಿದರು: "ನೋಡಿದ್ರಾ! ಗುರುತು ಸಿಗ್ಲಿಲ್ಲ!"

ಸಂತೋಷ ಪಟ್ಟು ಮುಗಿದ ಮೇಲೆ ಅವರಿಗೆ ಹೆದರಿಕೆ ಬಂತು. ಎಲ್ಲರೂ ಒಟ್ಟಿಗೆ ಓಡಿದರು. ಪಾಸ್ಟರ್ ಮೊದಲಿಗರಾಗಿ ಬೇಲಿ ದಾಟಿದರು. ಮಿಸ್ ಪರ್ಲೈನ್ ಓಡಲಾರದೆ ಇದ್ದಲ್ಲೇ ಕುಳಿತು, "ಎರ್ಲಿನ್, ನಿನ್ನ ಇಸ್ತ್ರಿಪೆಟ್ಟಿಗೆ ನನ್ನ ಹತ್ರಾನೇ ಇದೆ, ನಾಳೆ ಕೊಡ್ತೀನಿ, ನನ್ನ ಬಿಟ್ಬಿಡು" ಎಂದು ಕಣ್ಣು ಮುಚ್ಚಿಕೊಂಡರು.

"ನಾಳೆ ಯಾಕೆ, ಈಗ್ಲೇ ಕೊಡು," ಎಂದರು ದೊಡ್ಡಮ್ಮ. "ಆ ಮೀನು ಯಾರದು? ಹಸಿವಾಗಿದೆ."

ಆತ್ಮಗಳು ಮೀನನ್ನು ಮುಳ್ಳು ತೆಗೆದು ತಿನ್ನುವುದಿಲ್ಲ. ದೊಡ್ಡಮ್ಮ ಎರಡನೆಯ ಮೀನಿಗೆ ಕೈ ಹಾಕುವ ಹೊತ್ತಿಗೆ ಒಬ್ಬೊಬ್ಬರಾಗಿ ವಾಪಸ್ ಬಂದರು. ಮಾವಿನ ಮರದ ಕೆಳಗೆ ಅಣ್ಣ ಸೂಪಿನಿಂದ ಉಬ್ಬಿದ ಹೊಟ್ಟೆ ಹಿಡಿದುಕೊಂಡು, "ಬದುಕಿದ್ದಾರೆ" ಎಂದು ಇನ್ನೊಂದು ಸಲ ಹೇಳಿದ. ಈ ಸಲ ಯಾರೂ ಚಮಚ ಇಡಲಿಲ್ಲ.

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ ಇನ್ನೊಂದು ಟ್ಯಾಕ್ಸಿ ಬಂತು. ಜಸಿಂತ್ ಹೋಟೆಲಿನ ಸಮವಸ್ತ್ರದ ಮೇಲೆ ಕಪ್ಪು ಶಾಲು ಹೊದ್ದು ಇಳಿದಳು. ಹಿಂದೆಯೇ ಅವಳ ಅಕ್ಕ ವೆರೋನಾ ಒಂದು ದೊಡ್ಡ ಹೂವಿನ ಚಕ್ರ ಹಿಡಿದು ಇಳಿದಳು. ಅದರ ರಿಬ್ಬನ್ನಿನ ಮೇಲೆ ದೊಡ್ಡಮ್ಮನ ಹೆಸರಿತ್ತು.

ವಿಷಯ ಹೇಳಲು ಎಲ್ಲರೂ ಒಟ್ಟಿಗೆ ಬಾಯಿ ತೆರೆದದ್ದರಿಂದ ಬಹಳ ಹೊತ್ತು ಯಾರಿಗೂ ಏನೂ ಅರ್ಥವಾಗಲಿಲ್ಲ. ದೊಡ್ಡಮ್ಮ ಹೂಚಕ್ರವನ್ನು ವೆರೋನಾಳ ಕೈಯಿಂದ ತೆಗೆದುಕೊಂಡು, "ನನ್ನ ಹೆಸರಿದೆ, ನಂದೇ ತಾನೆ? ಹೂವು ಚೆನ್ನಾಗಿದೆ" ಎಂದು ಹಾಲಿನ ಕಿಟಕಿಗೆ ನೇತುಹಾಕಿದರು.

ಅಣ್ಣ ಎದ್ದು ಬಂದ. ಸುಣ್ಣದ ಕೈ, ಸೂಪಿನ ಅಂಗಿ. "ಜಸಿಂತ್," ಎಂದ. "ಭಾನುವಾರ ತೋರಿಸ್ಬೇಕು ಅಂತಿದ್ದೆ." ಅವನು ಕೋಣೆಯ ಕಡೆ ಕೈ ತೋರಿಸಿದ.

ಜಸಿಂತ್ ಒಳಗೆ ಹೋದಳು. ಅವಳ ಹಿಂದೆ ವೆರೋನಾ, ಅವಳ ಹಿಂದೆ ಹಿಡಿಸುವಷ್ಟು ಊರು. ಉಳಿದ ಊರು ಕಿಟಕಿಯಲ್ಲಿ. ಮಕ್ಕಳಿಬ್ಬರೂ ಮೇಲಿನ ಮಂಚ ಹತ್ತಿ, ಒಬ್ಬರನ್ನೊಬ್ಬರು ತಳ್ಳುತ್ತ ಕುಳಿತಿದ್ದರು.

"ಬೇಜಾರು ಮಾಡ್ಕೋಬೇಡ ಲ್ಯಾಸೆಲ್ಸ್," ಎಂದಳು ವೆರೋನಾ, "ಆದ್ರೆ ಇದನ್ನ ಕೋಣೆ ಅಂತಾರಾ? ನಾಲ್ಕು ಗೋಡೆಗೆ ನಾಲ್ಕು ಬಣ್ಣ. ಪರದೆ ಯಾರೋ ಕಚ್ಚಿದ ಹಾಗಿದೆ." ಸಾವಿನ ಮನೆಗೆ ಬರುವಾಗಲೂ ಅವಳು ಒಂದು ವಸ್ತು ಮರೆತಿರಲಿಲ್ಲ. ಕೈಚೀಲದಿಂದ ದಪ್ಪ ಕಾಗದ ತೆಗೆದು ತಂಗಿಯ ಕೈಗಿಟ್ಟಳು. "ಶಾಲೆ ಫಾರಂ. ಇಬ್ಬರದೂ ಒಂದರಲ್ಲೇ. ಮೊಹರು ಹಾಕ್ಸಿದ್ದೀನಿ, ನಿನ್ನ ಸಹಿ ಒಂದೇ ಬಾಕಿ. ಟ್ಯಾಕ್ಸಿ ಕಾಯ್ತಾ ಇದೆ."

ಕಿಟಕಿಯಲ್ಲಿದ್ದ ಊರು ಇನ್ನಷ್ಟು ಒಳಗೆ ಬಾಗಿತು. ಅಣ್ಣ ಟೇಪಿನ ಗುಂಡಿ ಒತ್ತುತ್ತ, ಬಿಡುತ್ತ ನಿಂತ.

ಜಸಿಂತ್ ಗೋಡೆಯ ಮೇಲೆ ಕೈಯಾಡಿಸಿದಳು. ಹಸಿರು ಇನ್ನೂ ಒಣಗಿರಲಿಲ್ಲ. "ಇದು ಮಿಸ್ ಪರ್ಲೈನ್ ಬಾಗಿಲಿಂದು ಅಲ್ವಾ? ಎರಡು ವರ್ಷದಿಂದ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಬಾಗಿಲಿಗೆ ಇನ್ನೊಂದು ವರ್ಷ ಆದ್ರೂ ನಡೆಯುತ್ತೆ ಬಿಡು," ಎಂದರು ಮಿಸ್ ಪರ್ಲೈನ್, ಕಿಟಕಿಯಿಂದ.

"ಅಕ್ಕಾ," ಎಂದಳು ಜಸಿಂತ್, ತಿರುಗದೆಯೇ. "ನಿಮ್ಮ ಪೋರ್ಟ್‌ಮೋರ್‌ನಲ್ಲಿ ಒಂದಿನ ನಿನ್ನ ಹಾಸಿಗೆ ಹೊರಗೆ ಹಾಕಿದ್ರೆ, ನೋಡಿ ಎಷ್ಟು ಜನ ಬರ್ತಾರೆ?"

ವೆರೋನಾ ಜೋರಿನವಳು, ಆದರೆ ಸುಳ್ಳು ಹೇಳುವವಳಲ್ಲ. ಸ್ವಲ್ಪ ಯೋಚಿಸಿದಳು. "ಬರ್ತಾರೆ," ಎಂದಳು. "ಹಾಸಿಗೆ ಹೊತ್ಕೊಂಡು ಹೋಗ್ತಾರೆ."

ಜಸಿಂತ್ ನನ್ನ ಕಡೆ ಕೈ ಚಾಚಿದಳು. ಕೇಳದಿದ್ದರೂ ಏನು ಬೇಕೆಂದು ನನಗೆ ತಿಳಿಯಿತು. ದುಪ್ಪಟಿ ಕೊಟ್ಟೆ. ಅವಳು ಅದನ್ನು ಕೊಡವಿ, ಕೆಳಗಿನ ಮಂಚಕ್ಕೆ ಹಾಸಿ, ನಾಲ್ಕು ಮೂಲೆಯನ್ನೂ ಬಿಗಿಯಾಗಿ ಮಡಿಸಿ ಸಿಕ್ಕಿಸಿದಳು, ಒಂದು ಸುಕ್ಕೂ ಇಲ್ಲದಂತೆ. "ದಿನಕ್ಕೆ ಹದಿನಾರು ಹಾಸಿಗೆ ಹಾಸ್ತೀನಿ," ಎಂದಳು. "ಯಾರ್ಯಾರಿಗೋ. ಇವರಿಬ್ಬರಿಗೆ ಇದೇ ಮೊದಲು." ಆಮೇಲೆ ಶೂ ಕಳಚಿ ಆ ಹಾಸಿಗೆಯ ಮೇಲೆ ಕುಳಿತಳು.

ಮಂಚ ಎಡಗಡೆಗೆ ವಾಲಿತು. ಮೇಲಿದ್ದ ಟಿಯಾನ್ ಉರುಳಿ ಕೆರೀಶಾಳ ಮೇಲೆ ಬಿದ್ದಳು.

"ಲ್ಯಾಸೆಲ್ಸ್, ಮಂಚದ ಕಾಲು ಗಿಡ್ಡ."

"ಕಾಲು ಸರಿಯಾಗಿದೆ, ಜಸಿಂತ್," ಎಂದ ಅಣ್ಣ. "ಮೂರು ಸಲ ಅಳೆದಿದ್ದೀನಿ. ನೆಲಾನೇ ಸ್ವಲ್ಪ ತಗ್ಗು."

ಜಸಿಂತ್ ಅವನನ್ನು ನೋಡಿದಳು. ನಗು ತಡೆಯಲು ಕೆನ್ನೆಯ ಒಳಗೆ ಕಚ್ಚಿಕೊಂಡದ್ದು ನನಗೆ ಕಂಡಿತು. ಅವಳು ಅಕ್ಕ ಕೊಟ್ಟ ಫಾರಮ್ಮನ್ನು ಎರಡು ಮಡಿಕೆ ಮಾಡಿದಳು, ಮತ್ತೆ ಎರಡು ಮಾಡಿದಳು. ಬಗ್ಗಿ, ಮಂಚದ ಕಾಲನ್ನು ಎತ್ತಿ, ಅದನ್ನು ಕೆಳಗೆ ತುರುಕಿ, ಅಲ್ಲಾಡಿಸಿ ನೋಡಿದಳು. ಮಂಚ ಅಲುಗಲಿಲ್ಲ.

"ಅಯ್ಯೋ ಜಸಿಂತ್, ಅದಕ್ಕೆ ಮೊಹರು ಹಾಕ್ಸಿದ್ದೆ ಕಣೇ!" ಎಂದು ವೆರೋನಾ ಕೂಗಿದಳು.

"ಅದಕ್ಕೇ ಇಷ್ಟು ಗಟ್ಟಿಯಾಗಿದೆ," ಎಂದಳು ಜಸಿಂತ್. "ಹೋಗಿ ಆ ಟ್ಯಾಕ್ಸಿಯವನಿಗೆ ಮೀನು ಕೊಡು. ಕಳಿಸ್ಬಿಡು."